ಅಪೆಂಡಿಕ್ಸ್ ಎಂಬ ಸೊಗಸು

ದೇಹದ ಚೆಲುವಿನ ಮಾತು ಬಂದಾಗ ಅಪೆಂಡಿಕ್ಸನ್ನು ಯಾರೂ ನೆನೆಯುವುದಿಲ್ಲ. ಕಣ್ಣಿಗೂ ಹೃದಯಕ್ಕೂ ಕವಿಗಳಿದ್ದಾರೆ. ಮಿದುಳಿಗೆ ನಮ್ಮ ನಿಮ್ಹಾನ್ಸ್‌ನಲ್ಲಿ ಒಂದು ಮ್ಯೂಸಿಯಮ್ಮೇ ಇದೆ. ಅಪೆಂಡಿಕ್ಸಿನ ಪಾಲಿಗೆ ಬಂದಿರುವುದು ಜಯನಗರದ ಪಾರ್ಕ್ ಬೆಂಚುಗಳ ಮೇಲಿನ ಹಿರಿಯರ ಮಾತು, "ನಂಗೂ ತೆಗೆದಿದಾರೆ ಕಣ್ರೀ, ಕಾಲೇಜಲ್ಲಿದ್ದಾಗ" ಎಂದು. ಜೊತೆಗೆ ಅಜ್ಜಿಯರ ಎಚ್ಚರಿಕೆ: ಸೀಬೆಹಣ್ಣಿನ ಬೀಜ ನುಂಗಬೇಡ, ಅಪೆಂಡಿಕ್ಸಿಗೆ ಹೋಗಿ ಕೂತುಬಿಡುತ್ತೆ. (ಕೂತು ಕಾಟ ಕೊಡುವುದು ಬಹುಮಟ್ಟಿಗೆ ಬೀಜವಲ್ಲ, ಗಟ್ಟಿಯಾದ ಮಲದ ಹರಳು. ಊಟದ ಹೊತ್ತಿನಲ್ಲಿ ಅಜ್ಜಿಗೆ ಅದನ್ನು ಹೇಳುವವರು ಯಾರು!)

ಹೊಟ್ಟೆಯ ಬಲಗಡೆ ಕೆಳಗೆ, ದೊಡ್ಡಕರುಳು ಶುರುವಾಗುವಲ್ಲಿ ಸೀಕಂ ಎಂಬ ಚೀಲವಿದೆ. ಅದರಿಂದ ಹೊರಟು, ಎಲ್ಲಿಗೂ ಹೋಗದೆ ಮುಚ್ಚಿಕೊಂಡ ಸಣ್ಣ ಕೊಳವೆ ಇದು. ಸಾಮಾನ್ಯವಾಗಿ 6ರಿಂದ 9 ಸೆಂ.ಮೀ. ಉದ್ದ. ಬುಡ ಎಲ್ಲರಲ್ಲೂ ಒಂದೇ ಕಡೆ, ತುದಿ ಮಾತ್ರ ತನಗೆ ಬಂದ ದಿಕ್ಕಿಗೆ. ಜಯನಗರ ನಾಲ್ಕನೇ ಬ್ಲಾಕಿಗೆ ಬಂದಿಳಿದು ನಾಲ್ಕನೇ 'ಟಿ' ಬ್ಲಾಕ್ ಹುಡುಕುವವರ ಪಾಡೇ ಸರ್ಜನ್ನರದೂ: ಬಡಾವಣೆ ಸರಿಯಾಗಿದೆ, ಮನೆ ಎಲ್ಲಿ? ಆ ಟಿ ಬ್ಲಾಕಿನಲ್ಲೇ ಇರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಈ ದಿಕ್ಕುಗಳನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬಾಯಿಪಾಠ ಮಾಡುತ್ತಾರೆ. 1933ರಲ್ಲಿ ವೇಕ್ಲಿ ಎಂಬ ಬ್ರಿಟಿಷ್ ಸರ್ಜನ್ 10,000 ಅಪೆಂಡಿಕ್ಸ್‌ಗಳ ಲೆಕ್ಕ ಕೊಟ್ಟ. ಸುಮಾರು ಮೂರರಲ್ಲಿ ಎರಡು ಪಾಲು ಸೀಕಂನ ಬೆನ್ನಿಗೆ ಅಡಗಿದ್ದವು, ಉಳಿದವುಗಳಲ್ಲಿ ಹೆಚ್ಚಿನವು ಕೆಳಗೆ ಕಿಬ್ಬೊಟ್ಟೆಯೊಳಕ್ಕೆ ಇಳಿದಿದ್ದವು. ಬೆನ್ನಿಗೆ ಅಡಗಿದ್ದು ಕೆರಳಿದರೆ ಹೊಟ್ಟೆ ಮುಟ್ಟಿದಾಗ ಅಷ್ಟು ನೋಯದೆ, ಬಲಗಾಲು ಹಿಂದಕ್ಕೆ ಚಾಚಿದಾಗ ಜೀವ ಹಿಂಡುತ್ತದೆ. ಕೆಳಗಿಳಿದದ್ದು ಉರಿಮೂತ್ರದ ಅಥವಾ ಭೇದಿಯ ವೇಷ ಹಾಕುತ್ತದೆ.

ಇಷ್ಟು ಕಣ್ಣಾಮುಚ್ಚಾಲೆ ಆಡುವ ಅಂಗವನ್ನು ಹುಡುಕಲು ದೇಹವೇ ಒಂದು ಗುರುತು ಇಟ್ಟಿದೆ. ದೊಡ್ಡಕರುಳಿನ ಮೈಮೇಲೆ ಉದ್ದಕ್ಕೂ ಮೂರು ಸ್ನಾಯುಪಟ್ಟಿಗಳು ಓಡುತ್ತವೆ. ಮೂರೂ ಸೀಕಂ ಮೇಲೆ ಇಳಿದು ಬಂದು ಕೂಡುವುದು ಅಪೆಂಡಿಕ್ಸಿನ ಬುಡದಲ್ಲಿ. ಮುಂದಿನ ಪಟ್ಟಿಯನ್ನು ಹಿಡಿದು ಬೆರಳು ಜಾರಿಸಿಕೊಂಡು ಹೋದರೆ ತುದಿ ಎಲ್ಲೇ ಅಡಗಿರಲಿ, ಬುಡ ಸಿಕ್ಕೇ ಸಿಗುತ್ತದೆ.

ಹಳೆಯ ಕಾಲದ ಕೊಯ್ತವೂ ಅಷ್ಟೇ ಚೆಂದ. ನ್ಯೂಯಾರ್ಕಿನ ಚಾರ್ಲ್ಸ್ ಮ್ಯಾಕ್‌ಬರ್ನಿ 1889ರಲ್ಲಿ ಬೆರಳತುದಿಯಿಂದ ಒತ್ತಿ ನೋಡುವ ಬಿಂದುವನ್ನು ಗುರುತಿಸಿದ: ಹೊಕ್ಕುಳಿಂದ ಬಲ ಸೊಂಟದ ಮೂಳೆಯ ಮುಂಚೂಣಿಗೆ ಗೆರೆ ಎಳೆದರೆ ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ. ಐದು ವರ್ಷದ ನಂತರ ಅವನು ಬರೆದ ಕೊಯ್ತದಲ್ಲಿ ಚಾಕುವಿಗೆ ಕೆಲಸ ಕಡಿಮೆ. ಅಲ್ಲಿ ಹೊಟ್ಟೆಯ ಸ್ನಾಯು ಮೂರು ಪದರ, ಒಂದೊಂದರ ಎಳೆಯೂ ಒಂದೊಂದು ದಿಕ್ಕಿಗೆ. ಯಾವುದನ್ನೂ ಅಡ್ಡ ಕತ್ತರಿಸದೆ ಆಯಾ ಎಳೆಯ ಗುಂಟ ಬಿಡಿಸಿ ಒಳಗೆ ಇಳಿಯುವುದು, ಕೆಲಸ ಮುಗಿದ ಮೇಲೆ ಎಳೆಗಳನ್ನು ತಮ್ಮ ಪಾಡಿಗೆ ಬಿಟ್ಟರೆ ತಾವೇ ಒಂದರ ಮೇಲೊಂದು ಕೂತುಕೊಳ್ಳುವುದು. ಈಗಿನದು ಮೂರು ಸಣ್ಣ ತೂತಿನ ಕೆಲಸ. 1980ರಲ್ಲಿ ಜರ್ಮನಿಯ ಕೀಲ್ ಊರಿನಲ್ಲಿ ಅದನ್ನು ಮೊದಲು ಮಾಡಿ ತೋರಿಸಿದ ಕುರ್ಟ್ ಸೆಮ್ ಸರ್ಜನ್ನೇ ಅಲ್ಲ, ಸ್ತ್ರೀರೋಗ ತಜ್ಞ. ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗಳಲ್ಲಿ ಇಂದು ಕೇಳಿದರೆ ಲ್ಯಾಪ್ರೊಸ್ಕೋಪಿಯೇ ಸಹಜ ಎನ್ನುತ್ತಾರೆ, ನಿಜವೂ ಹೌದು. ಆದರೂ ಕಲೆ ಎನ್ನುವುದಿದ್ದರೆ ಅದು ಮ್ಯಾಕ್‌ಬರ್ನಿಯ ಬೆರಳುಗಳಲ್ಲೇ ಇತ್ತೆಂದು ನನ್ನ ಹಟ.

ಇದರ ನಿಜವಾದ ರೂಪ ಕಾಣುವುದು ಹೊರಗೆ ತೆಗೆದ ಮೇಲೆ. ಬನಶಂಕರಿಯಲ್ಲಿ ಲ್ಯಾಬ್ ನಡೆಸುವ ಪೆಥಾಲಜಿಸ್ಟ್ ಗೆಳತಿಯೊಬ್ಬಳು ಒಮ್ಮೆ, "ಬಾ ಇಲ್ಲಿ, ಇದನ್ನ ನೋಡು" ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಅಡ್ಡಕ್ಕೆ ಸೀಳಿದ ತೆಳು ಹಾಳೆ. ನಡುವೆ ಇಕ್ಕಟ್ಟಾದ ಕಾಲುವೆ, ಅದರ ಸುತ್ತ ಒಳಪೊರೆ, ಆ ಪೊರೆಯ ಕೆಳಗೆ ದುಂಡಗೆ ಸಾಲಾಗಿ ದುಗ್ಧಕೋಶಗಳ ಗುಂಪುಗಳು. ಹೆಮಟಾಕ್ಸಿಲಿನ್ ಬಣ್ಣಕ್ಕೆ ಅವು ಕಡುನೇರಳೆ, ಪ್ರತಿ ಗುಂಪಿನ ಹೊಟ್ಟೆಯಲ್ಲೂ ತಿಳಿಯಾದ ಒಂದು ಬಿಳುಪು, ಆಚೆಗಿನ ಸ್ನಾಯುವಿಗೆ ಇಯೋಸಿನ್ನಿನ ಗುಲಾಬಿ. ಆ ತಿಳಿಯಾದ ಜಾಗಗಳಲ್ಲೇ ದೇಹದ ಕಾವಲು ಕಣಗಳು ಹೊರಗಿನದರ ಗುರುತನ್ನು ಇನ್ನೂ ಕರಾರುವಾಕ್ಕಾಗಿ ಹಿಡಿಯುವ ಪಾಠ ಕಲಿಯುವುದು. ಹದಿಹರೆಯದಲ್ಲಿ ಈ ಗುಂಪುಗಳು ದಟ್ಟ, ವಯಸ್ಸಾದಂತೆ ಕರಗುತ್ತವೆ. "ಇದು ಹುಡುಗನದು, ಹೇಳೋದೇ ಬೇಡ" ಎಂದಳು. 1871ರಲ್ಲಿ ಡಾರ್ವಿನ್ ಇದನ್ನು ಉಪಯೋಗ ಕಳೆದುಕೊಂಡ ಅವಶೇಷ ಎಂದಿದ್ದ. ಡ್ಯೂಕ್ ವಿಶ್ವವಿದ್ಯಾಲಯದ ಬೋಲಿಂಜರ್ ಮತ್ತು ಪಾರ್ಕರ್ 2007ರಲ್ಲಿ ಬೇರೆ ಮಾತು ಮುಂದಿಟ್ಟರು: ಭೇದಿಯಾಗಿ ಕರುಳು ತೊಳೆದುಹೋದಾಗ ಒಳ್ಳೆಯ ಬ್ಯಾಕ್ಟೀರಿಯಾಗಳು ಇಲ್ಲಿ ಉಳಿದುಕೊಂಡು ಮತ್ತೆ ಊರು ತುಂಬುತ್ತವೆ ಎಂದು.

ಇಷ್ಟು ಚುರುಕಾದ ಪಾಠಶಾಲೆ ಕೆಲವೊಮ್ಮೆ ತಪ್ಪು ಪಾಠವನ್ನೂ ಹೇಳಿಕೊಡುತ್ತದೆಯೆ? ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆಯಲ್ಲಿ ದೊಡ್ಡಕರುಳಿನ ಒಳಪೊರೆ ಹುಣ್ಣಾಗುತ್ತದೆ. ಮಲದಲ್ಲಿ ರಕ್ತ ಹೋಗುತ್ತದೆ, ಎಷ್ಟೋ ಜನ ಆಮಶಂಕೆ ಎಂದುಕೊಂಡು ಮಾತ್ರೆ ನುಂಗುತ್ತ ದಿನ ತಳ್ಳುತ್ತಾರೆ. ಇದು ಗುದನಾಳದಿಂದ ಶುರುವಾಗಿ ಎಲ್ಲೂ ಜಾಗ ಬಿಡದೆ ಮೇಲಕ್ಕೆ ಹಬ್ಬುವ ಕಾಯಿಲೆ. ಆದರೆ ಕೊಲೊನೋಸ್ಕೋಪಿ ಮಾಡುವವರಿಗೆ ಆಗಾಗ ಒಂದು ವಿಚಿತ್ರ ಕಾಣುತ್ತದೆ. ಎಡಗಡೆಯ ಕರುಳು ಕೆಂಪು, ಆಮೇಲೆ ಉದ್ದಕ್ಕೂ ಆರೋಗ್ಯವಾದ ಹೊಳೆಯುವ ಪೊರೆ. ಕೊನೆಗೆ ಸೀಕಂ ತಲುಪಿದರೆ ಮೂರು ಮಡಿಕೆಗಳು ಕೂಡುವ ಆ ಗುರುತು (ಕೆಲವರು ಅದನ್ನು ಕಾಗೆಗಾಲು ಎನ್ನುತ್ತಾರೆ, ಕಾರುಪ್ರಿಯರು ಬೆಂಜ್ ಲಾಂಛನ ಎನ್ನುತ್ತಾರೆ). ಅಲ್ಲಿ, ಅಪೆಂಡಿಕ್ಸಿನ ಬಾಯಿಯ ಸುತ್ತ ಮಾತ್ರ, ಮತ್ತೆ ಒಂದು ಕೆಂಪು ತೇಪೆ. ಅಷ್ಟು ದೂರದಲ್ಲಿ, ಒಂಟಿಯಾಗಿ.

1994ರಲ್ಲಿ ಬೆಲ್ಜಿಯಂನ ಪೌಲ್ ರುಟ್‌ಗೀರ್ಟ್ಸ್ ತಂಡ ಲೆಕ್ಕ ಹಾಕಿತು: ಈ ಕಾಯಿಲೆಯ 174 ಜನರಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡಿದ್ದವರು ಒಬ್ಬರು. ಹೋಲಿಕೆಗೆ ಆರಿಸಿದ 161 ಜನರಲ್ಲಿ 41. ಯಾರಿಗಾದರೂ ಕುರ್ಚಿಯಿಂದ ಎದ್ದು ನಿಲ್ಲಬೇಕೆನಿಸುವ ಅಂಕಿ. 2001ರಲ್ಲಿ ಸ್ವೀಡನ್ನಿನವರು ಎರಡು ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳ ದಾಖಲೆ ತೆಗೆದು ನೋಡಿದಾಗ ಕಥೆ ಸೂಕ್ಷ್ಮವಾಯಿತು. ಇಪ್ಪತ್ತು ವಯಸ್ಸಿನೊಳಗೆ, ನಿಜವಾಗಿ ಉರಿಯೂತವಾಗಿ, ತೆಗೆಸಿಕೊಂಡವರಿಗೆ ಮಾತ್ರ ರಕ್ಷಣೆ. ಸುಮ್ಮನೆ ಹೊಟ್ಟೆನೋವೆಂದು ತೆಗೆದವರಿಗೆ ಇಲ್ಲ. 2017ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಪರೇಷನ್ ಆಗದವರಲ್ಲೂ, ಅಪ್ಪ ಅಮ್ಮನಿಗೋ ಒಡಹುಟ್ಟಿದವರಿಗೋ ಎಳೆಯ ವಯಸ್ಸಿನಲ್ಲಿ ಅಪೆಂಡಿಸೈಟಿಸ್ ಆಗಿದ್ದರೆ ಕೊಲೈಟಿಸ್‌ನ ಭಯ ಸ್ವಲ್ಪ ಕಡಿಮೆ. ಹಾಗಾದರೆ ಕಾಪಾಡಿದ್ದು ಚಾಕುವೋ, ಅಪೆಂಡಿಕ್ಸ್ ಕೆರಳುವ ಆ ಮೈಗುಣವೋ? ನನಗೆ ಇಡೀ ಕಥೆಯಲ್ಲಿ ಅತಿ ರುಚಿಯಾದ ತಿರುವು ಇದು. ಒಂದು ಅಂಕಿ ಹೊಳೆದಾಗ ಅಲ್ಲಿಗೇ ನಿಲ್ಲದೆ, ಅದರ ಹಿಂದೆ ಇನ್ನೇನಿದೆ ಎಂದು ಮಗುಚಿ ನೋಡುವ ಗುಣ.

ಚಾಕುವಿನ ಪಕ್ಷವೂ ಸೋಲಲಿಲ್ಲ. ನೆದರ್ಲೆಂಡ್ಸ್, ಐರ್ಲೆಂಡ್, ಬ್ರಿಟನ್‌ಗಳ ವೈದ್ಯರು 'ಅಕ್ಯೂರ್' ಎಂಬ ಪ್ರಯೋಗ ನಡೆಸಿ 2025ರಲ್ಲಿ ಫಲಿತಾಂಶ ಕೊಟ್ಟರು. ಕೊಲೈಟಿಸ್ ತಣ್ಣಗಿದ್ದ ಸುಮಾರು 200 ಜನರಲ್ಲಿ ಅರ್ಧದಷ್ಟು ಮಂದಿಗೆ ಔಷಧದ ಜೊತೆಗೆ ಅಪೆಂಡಿಕ್ಸನ್ನೂ ತೆಗೆದರು. ವರ್ಷದೊಳಗೆ ಕಾಯಿಲೆ ಮತ್ತೆ ಕೆರಳಿದ್ದು ಅವರಲ್ಲಿ ಶೇ. 36 ಮಂದಿಗೆ, ಬರೀ ಔಷಧ ತೆಗೆದುಕೊಂಡವರಲ್ಲಿ ಶೇ. 56 ಮಂದಿಗೆ. ಇದನ್ನು ಓದಿ ಯಾರೂ ನಾಳೆ ಬೆಳಿಗ್ಗೆ ಆಪರೇಷನ್ ಬುಕ್ ಮಾಡಬೇಕಿಲ್ಲ. ಆರೋಗ್ಯವಂತರಿಗೆ ಇದು ಮದ್ದಲ್ಲ, ಕೊಲೈಟಿಸ್‌ನ ಅಣ್ಣತಮ್ಮನಂತಿರುವ ಕ್ರೋನ್ಸ್‌ಗೆ ಇದೇ ಲೆಕ್ಕ ಹೊಂದುವುದೂ ಇಲ್ಲ. ನಮ್ಮಲ್ಲಂತೂ ಬಲಗಡೆಯ ಆ ಮೂಲೆಯಲ್ಲಿ ಏನೇ ಊದಿಕೊಂಡರೂ ಕ್ರೋನ್ಸ್ ಎನ್ನುವ ಮೊದಲು ಕರುಳಿನ ಟಿಬಿ ಅಲ್ಲವೇ ಎಂದು ನೋಡುವುದು ವಾಡಿಕೆ.

ಕರುಳಿನಾಚೆ ಯಕೃತ್ತಿಗೂ ಈ ಕಥೆಯಲ್ಲಿ ಪಾಲಿದೆ. ಅಪೆಂಡಿಕ್ಸಿನ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಕರುಳಿನ ಸಿರೆಗಳ ಮೂಲಕ ಪೋರ್ಟಲ್ ಸಿರೆಗೆ, ಅಲ್ಲಿಂದ ಯಕೃತ್ತಿಗೆ. ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಕೀವು ಇದೇ ದಾರಿ ಹಿಡಿದು ಯಕೃತ್ತಿನಲ್ಲಿ ಬಾವು ಕಟ್ಟುವುದೇ ವೈದ್ಯರ ದೊಡ್ಡ ದಿಗಿಲು. ಈಗಿನ ಕುತೂಹಲ ಬೇರೆ. ಪಿಎಸ್‌ಸಿ ಎಂದು ಕರೆಯುವ ಯಕೃತ್ತಿನ ಕಾಯಿಲೆಯಲ್ಲಿ ಪಿತ್ತನಾಳಗಳು ಅಲ್ಲಲ್ಲಿ ಬಿಗಿದು ಅಲ್ಲಲ್ಲಿ ಹಿಗ್ಗುತ್ತವೆ, ಎಂಆರ್‌ಐಯಲ್ಲಿ ಮಣಿಸರದಂತೆ ಕಾಣುತ್ತದೆ. ಈ ರೋಗಿಗಳಲ್ಲಿ ಹೆಚ್ಚಿನವರಿಗೆ ಕರುಳಿನ ಉರಿಯೂತವೂ ಇರುತ್ತದೆ, ಬಹುಪಾಲು ಅಲ್ಸರೇಟಿವ್ ಕೊಲೈಟಿಸ್ಸೇ. ಅದೂ ಬಲಗಡೆಯಲ್ಲೇ ಜೋರು, ಗುದನಾಳದಲ್ಲಿ ಎಷ್ಟೋ ಸಲ ಸೌಮ್ಯ. ಸಿಗರೇಟು ಸೇದುವವರಿಗೆ ಎರಡೂ ಕಡಿಮೆ ಬರುತ್ತವೆ ಎಂಬುದು ಯಾವ ಆಸ್ಪತ್ರೆಯೂ ಬೋರ್ಡಿಗೆ ಹಾಕಲಾರದ ಸಂಗತಿ. ಇಷ್ಟೆಲ್ಲ ನಂಟಿದ್ದರೂ, ಅಪೆಂಡಿಕ್ಸ್ ತೆಗೆದರೆ ಕೊಲೈಟಿಸ್‌ನಲ್ಲಿ ಕಂಡಂಥ ರಕ್ಷಣೆ ಪಿಎಸ್‌ಸಿಗೆ ಸಿಗುತ್ತದೆನ್ನುವ ಗಟ್ಟಿ ಸಾಕ್ಷ್ಯವಿಲ್ಲ. ದೊಡ್ಡಕರುಳನ್ನೇ ಪೂರ್ತಿ ತೆಗೆದರೂ ಯಕೃತ್ತಿನ ಕಾಯಿಲೆ ತನ್ನ ಪಾಡಿಗೆ ಮುಂದುವರಿಯುವುದುಂಟು.

ಯಾಕಿರಬಹುದು ಎನ್ನುವುದಕ್ಕೆ ಬರ್ಮಿಂಗ್‌ಹ್ಯಾಮಿನ ಡೇವಿಡ್ ಆಡಮ್ಸ್ ತಂಡದ ವಿವರಣೆಯೊಂದಿದೆ. ಕರುಳಿನಲ್ಲಿ ತರಬೇತಾದ ಕಾವಲು ಕಣಗಳು ಕರುಳಿನ ರಕ್ತನಾಳದ ಗೋಡೆಯಲ್ಲಿರುವ ಮ್ಯಾಡ್‌ಕ್ಯಾಮ್ ಎಂಬ ಅಣುವಿನ ಗುರುತು ಹಿಡಿದು ಇಳಿಯುತ್ತವೆ. ಪಿಎಸ್‌ಸಿ ಇರುವವರ ಯಕೃತ್ತಿನ ರಕ್ತನಾಳಗಳಲ್ಲೂ ಅದೇ ಅಣು ಕಾಣಿಸಿಕೊಳ್ಳುತ್ತದೆ. ಇಂಥ ಕಣಗಳು ವರ್ಷಗಟ್ಟಲೆ ಬದುಕಿರಬಲ್ಲವು. ಕರುಳಿನ ಹುಣ್ಣು ಒಣಗಿ ಎಷ್ಟು ಕಾಲವಾಗಿದ್ದರೂ ಆ ಗುರುತು ಕಂಡಲ್ಲಿ, ಯಕೃತ್ತಿನಲ್ಲಿಯೇ, ಇಳಿದುಬಿಡುತ್ತವೆ.