ರಾಡಿನ ಎರಡು ತುದಿಗಳ ತೂಕ

ಬೆಳಗಾವಿಯ ಟಿಳಕವಾಡಿಯಲ್ಲಿ ಮನೆಯಂಗಳದಲ್ಲೇ ಹಳೆಯ ಪ್ರೀಮಿಯರ್ ಪದ್ಮಿನಿಯ ಎಂಜಿನ್ ಬಿಚ್ಚಿ ಕಟ್ಟಲು ಕೂರುವವರಿಗೆ ದೊಡ್ಡ ಅನುಕೂಲವಿದೆ. ಖಾನಾಪುರ ರಸ್ತೆ ಹಿಡಿದರೆ ಸನಿಹದಲ್ಲೇ ಉದ್ಯಮಬಾಗ. ಕ್ರ್ಯಾಂಕ್ ಗ್ರೈಂಡಿಂಗ್, ರೀಬೋರಿಂಗ್ ಕೆಲಸಕ್ಕೆ ದೂರ ಅಲೆಯಬೇಕಿಲ್ಲ. ಆದರೆ ಪಿಸ್ಟನ್, ರಾಡುಗಳನ್ನು ತೂಗಿ ಹೊಂದಿಸುವುದಕ್ಕೆ ಬೇಕಾದ ಪುರಸೊತ್ತು ಮನೆಯಲ್ಲಿ ಕೆಲಸ ಮಾಡುವವನಿಗೇ ಇರುವುದು.

ಈ ಶ್ರಮ ಸಾರ್ಥಕವೆನ್ನಲು ಲೆಕ್ಕವೇ ಆಧಾರ. ಪದ್ಮಿನಿಯ ಸ್ಟ್ರೋಕ್ 75 ಮಿ.ಮೀ. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಕ್ರ್ಯಾಂಕ್‌ಪಿನ್ನಿನ ಮೇಲೆ ಹೆಚ್ಚಿಗೆ ಇರುವ ಒಂದೇ ಗ್ರಾಂ, ಸುಮಾರು ಒಂದು ಕಿಲೋ ಭಾರದಷ್ಟು ಎಳೆಯುತ್ತದೆ. 2,500 ಸುತ್ತಿಗಿಳಿದರೆ ಆ ಎಳೆತ ಕಾಲು ಭಾಗಕ್ಕಿಳಿಯುತ್ತದೆ. ಊರೊಳಗೆ ನಯವಾಗಿ ಓಡುವ ಗಾಡಿ ಹೆದ್ದಾರಿಯಲ್ಲಿ ನಡುಗುವುದಕ್ಕೆ ಇದೂ ಒಂದು ಕಾರಣ.

ಆದರೆ ತೂಗುವ ರೂಢಿ ಅರೆಬರೆಯಾಗಿದೆ. ನಾಲ್ಕೂ ರಾಡುಗಳನ್ನು ತಕ್ಕಡಿಗಿಟ್ಟು, ಅಂಕಿ ಒಂದೇ ಬಂದರೆ ಕೆಲಸ ಮುಗಿಯಿತೆಂದುಕೊಳ್ಳುವವರಿದ್ದಾರೆ. ಒಟ್ಟು ತೂಕ ಸಮನಿದ್ದೂ ಒಂದರ ದೊಡ್ಡ ತುದಿ, ಮತ್ತೊಂದರ ಸಣ್ಣ ತುದಿ ಭಾರವಾಗಿರಬಹುದು. ದೊಡ್ಡ ತುದಿ ಕ್ರ್ಯಾಂಕಿನ ಜೊತೆ ಸುತ್ತುತ್ತದೆ, ಸಣ್ಣದು ಪಿಸ್ಟನ್ನಿನ ಜೊತೆ ಮೇಲೆ ಕೆಳಗೆ ಓಡುತ್ತದೆ. ಆದ್ದರಿಂದ ಒಂದು ತುದಿಯನ್ನು ಸ್ಟ್ಯಾಂಡಿಗೆ ತೂಗುಹಾಕಿ, ರಾಡನ್ನು ಮಟ್ಟಸವಾಗಿಟ್ಟು, ಇನ್ನೊಂದನ್ನಷ್ಟೇ ತಕ್ಕಡಿಗಿಡಬೇಕು; ಆಮೇಲೆ ಅದಲುಬದಲು. ಎರಡು ತುದಿಗಳ ಮೊತ್ತ ಇಡೀ ರಾಡಿನ ತೂಕಕ್ಕೆ ತಾಳೆಯಾಗದಿದ್ದರೆ ದೋಷ ಸ್ಟ್ಯಾಂಡಿನದು. ತನ್ನ ತಪ್ಪನ್ನು ತಾನೇ ತೋರಿಸಿಕೊಡುವ ಈ ಗುಣಕ್ಕಾಗಿಯೇ ನನಗೆ ಈ ವಿಧಾನದ ಮೇಲೆ ಅಷ್ಟು ಗೌರವ.

ಇನ್ನೊಂದು ದೋಷ, ಅರ ಹಿಡಿಯುವ ಅವಸರ. ಭಾರದ ಪಿಸ್ಟನ್ನಿಗೆ ಹಗುರ ಸಣ್ಣ ತುದಿಯ ರಾಡ್ ಜೋಡಿಸಿದರೆ ಲೋಹ ಸವೆಸದೆಯೇ ವ್ಯತ್ಯಾಸ ಎಷ್ಟೋ ಕಡಿಮೆಯಾಗುತ್ತದೆ. ಆಯಾ ಪಿಸ್ಟನ್ನಿನ ಅಳತೆಗೇ ಬೋರ್ ಮಾಡಿಸಿದ್ದರೆ ಪಿಸ್ಟನ್ ಕದಲಿಸಬಾರದು, ರಾಡನ್ನೇ ಬದಲಿಸಬೇಕು. ರಾಡಿನ ಕ್ಯಾಪನ್ನಂತೂ ಇನ್ನೊಂದಕ್ಕೆ ಹಾಕುವಂತೆಯೇ ಇಲ್ಲ. ಎರಡನ್ನೂ ಬೋಲ್ಟ್ ಬಿಗಿದೇ ಕೊರೆದಿರುತ್ತಾರೆ. ಸವೆಸಲೇಬೇಕಾದರೆ ಕ್ಯಾಪಿನ ಕೆಳಗಿನ ದಪ್ಪ ಭಾಗದಿಂದ. ರಾಡಿನ ನಡುವೆ ಅಡ್ಡಗೆರೆ ಬಿದ್ದರೆ ಬಿರುಕು ಅಲ್ಲಿಂದಲೇ ಶುರುವಾಗಬಹುದು.

ಇಷ್ಟು ಮಾಡಿದರೂ ಅದುರು ಪೂರ್ತಿ ಹೋಗುವುದಿಲ್ಲ. ಸಾಲಾಗಿ ನಿಂತ ನಾಲ್ಕು ಸಿಲಿಂಡರುಗಳಲ್ಲಿ ಎಂಜಿನ್ನಿನ ಎರಡು ಪಟ್ಟು ವೇಗದ ಒಂದು ಕಂಪನ ಉಳಿದೇ ಉಳಿಯುತ್ತದೆ. ಅದು ಜೋಡಣೆಯ ಸ್ವಭಾವ. ಹಾಗಾಗಿ ಗ್ರಾಮಿನ ಹತ್ತನೇ ಒಂದು ಭಾಗದ ಬೆನ್ನು ಹತ್ತುವುದು ನನಗೆ ಒಪ್ಪಿಗೆಯಿಲ್ಲ. ವ್ಯತ್ಯಾಸ ಒಂದು ಗ್ರಾಮಿನೊಳಗೆ ಬಂದರೆ ತಕ್ಕಡಿ ಬದಿಗಿಟ್ಟು, ಮೈಕ್ರೋಮೀಟರ್ ಹಿಡಿದು ಕ್ರ್ಯಾಂಕಿನ ಜರ್ನಲ್‌ಗಳು ಗುಂಡಗಿವೆಯೇ ಎಂದು ಅಳೆಯುವುದು ಮೇಲು.