ಬಾವಿಗೆ ಕಾಣದ್ದು ಬಂಡೆಗೆ ಗೊತ್ತು

ಡ್ರೋನ್ ತೆಗೆದ ನೂರಾರು ಚಿತ್ರಗಳನ್ನು ಹೆಣೆದರೆ ಬಂಡೆಗೋಡೆಯೊಂದು ಇಡಿಯಾಗಿ ಕಂಪ್ಯೂಟರಿಗೆ ಇಳಿಯುತ್ತದೆ. ಆದರೆ ಡ್ರೋನ್‌ಗಿಂತ ಗೋಡೆಯ ಸಂಗತಿಯೇ ಹೆಚ್ಚು ಸ್ವಾರಸ್ಯದ್ದು.

ಅಮೆರಿಕದ ಯೂಟಾದಿಂದ ಕೊಲೊರಾಡೊವರೆಗೆ ಹಬ್ಬಿರುವ ಬುಕ್ ಕ್ಲಿಫ್ಸ್‌ನಲ್ಲಿ ಸುಮಾರು 8 ಕೋಟಿ ವರ್ಷ ಹಿಂದಿನ ಕಡಲತೀರ ಸೀಳಿ ನಿಲ್ಲಿಸಿದಂತಿದೆ. ಬುಡದಲ್ಲಿ ಬೂದುಬಣ್ಣದ ಮ್ಯಾಂಕೋಸ್ ಶೇಲ್ (ಕೆಸರು ಗಟ್ಟಿಯಾದ ಕಲ್ಲು), ಮೇಲೆ ಬ್ಲ್ಯಾಕ್‌ಹಾಕ್ ಮರಳುಗಲ್ಲು, ನಡುನಡುವೆ ಕಲ್ಲಿದ್ದಲು.

ಈ ಮರಳು ಸಪಾಟು ಹಾಸಲ್ಲ. ಹೆಂಚು ಹೊದಿಸಿದ ಹಾಗೆ ಕಂತುಕಂತಾಗಿ ಕಡಲಿನತ್ತ ವಾಲಿದೆ. ಕಂತುಗಳ ಮಧ್ಯೆ ತೆಳ್ಳನೆಯ ಶೇಲ್. ಭೂವಿಜ್ಞಾನಿ ವ್ಯಾನ್ ವ್ಯಾಗನರ್ ಮತ್ತು ಸಂಗಡಿಗರ 1990ರ ಪುಸ್ತಕ ಇಂದಿಗೂ ಕೈಗೆತ್ತಿಕೊಳ್ಳುವಂತಿರುವುದು ಇದಕ್ಕೇ. ನೆಲದಡಿ ಇಂಥದ್ದೇ ಮರಳಿನಲ್ಲಿ ಎಣ್ಣೆ ಹುಡುಕುವವರು ಎರಡು ಬಾವಿಗಳಲ್ಲಿ ಮರಳು ಕಂಡಿತೆಂದು ನಡುವೆ ನೇರ ಗೆರೆ ಎಳೆದುಬಿಡುವ ರೂಢಿಯನ್ನು ಅದು ಬುಡಸಮೇತ ಅಲ್ಲಾಡಿಸಿತು. ಆ ಎರಡು ಮರಳೂ ಬೇರೆ ಬೇರೆ ಕಾಲದವಾಗಿರಬಹುದು; ಹಾಗಿದ್ದರೆ ಎಣ್ಣೆಯನ್ನು ತಳ್ಳಲೆಂದು ಒಂದು ಬಾವಿಗೆ ಇಳಿಸಿದ ನೀರು ನಡುವಿನ ಶೇಲ್ ಅಡ್ಡವಾಗಿ ಇನ್ನೊಂದನ್ನು ಮುಟ್ಟದೆಯೂ ಹೋಗಬಹುದು. ಅಂಗೈಯಗಲದ ಶೇಲ್ ಭೂಕಂಪನ ಸರ್ವೆಯ ಕಣ್ಣಿಗೆ ಬೀಳುವುದೇ ಇಲ್ಲ. ಬಾವಿಯಿಂದ ಕೊರೆದು ತೆಗೆದ ಕಲ್ಲಿನ ಕಂಬದಲ್ಲಿ, ಅಂದರೆ ಕೋರ್‌ನಲ್ಲಿ, ಸಿಕ್ಕರೂ ಅದು ಹತ್ತು ಮೀಟರಿಗೆ ಮುಗಿಯುತ್ತದೋ ಸಾವಿರಕ್ಕೋ, ಹೇಳಬಲ್ಲದ್ದು ಗೋಡೆ ಮಾತ್ರ.

ದೂರ ಹೆಚ್ಚಿದಂತೆ ಬಾವಿಗಳ ಅಂಕಿಗಳು ಎಷ್ಟು ಬೇರೆಯಾಗುತ್ತವೆಂದು ಲೆಕ್ಕ ಹಾಕುವ ವೇರಿಯೋಗ್ರಾಮ್ ಪಂಥದವರು ಇದನ್ನು ಒಪ್ಪುವುದಿಲ್ಲ. ಅವರಿಗೆ ಬಾವಿಯ ಅಂಕಿಗಳಿದ್ದರೆ ಸಾಕು, ಉಳಿದದ್ದನ್ನು ಗಣಿತ ತುಂಬುತ್ತದೆ. ಆದರೆ ಬಾವಿಯಿಂದ ಬಾವಿಗೆ ಕಿಲೋಮೀಟರ್ ಅಂತರವಿದ್ದು, ಮರಳು ಇನ್ನೂರೇ ಮೀಟರ್ ಹಬ್ಬಿದ್ದರೆ, ಆ ಇನ್ನೂರನ್ನು ಅಳೆಯಲು ಜೋಡಿ ಬಾವಿಗಳೇ ಇಲ್ಲ. ನೆಲದಡಿಯ ಕಂಪ್ಯೂಟರ್ ಮಾದರಿಯಲ್ಲಿ ಕೂತ ಸಂಖ್ಯೆ ಹಾಗಾದರೆ ಎಲ್ಲಿಂದ ಬಂತು? ಎಷ್ಟೋ ಸಲ ಸಾಫ್ಟ್‌ವೇರ್ ತಾನಾಗಿ ತುಂಬಿಕೊಟ್ಟದ್ದು. ಬಣ್ಣಬಣ್ಣದ ಚಿತ್ರ ನೋಡಿ ಯಾರೂ ಕೇಳುವುದಿಲ್ಲ, ಅಷ್ಟೆ.

ಬಂಡೆ ಪಂಥವೇನೂ ಸಾಚಾ ಅಲ್ಲ. ಹಳೆಯ ನದಿಪಾತ್ರವನ್ನು ಗೋಡೆ ಹರಿವಿನ ದಿಕ್ಕಿಗೆ 30 ಡಿಗ್ರಿ ಓರೆಯಲ್ಲಿ ಕತ್ತರಿಸಿದ್ದರೆ 100 ಮೀಟರ್ ಅಗಲದ ಪಾತ್ರ 200 ಮೀಟರ್ ಎಂದು ತೋರುತ್ತದೆ. ಟೇಪ್ ಹಿಡಿಯುವ ಮೊದಲು ಮರಳಿನ ಓರೆ ಪದರಗಳಿಗೆ ದಿಕ್ಸೂಚಿ ಹಿಡಿದು ನೀರು ಹರಿದ ದಿಕ್ಕನ್ನು ಗುರುತಿಸಬೇಕು. ಇನ್ನು ರಂಧ್ರಗಳ ಲೆಕ್ಕಕ್ಕೆ ಗೋಡೆಯ ಮುಖವನ್ನು ನಂಬುವಂತೆಯೇ ಇಲ್ಲ. ಕಣಗಳ ನಡುವಿನ ಬೆಸುಗೆಯನ್ನು ಮಳೆನೀರು ಕರಗಿಸಿರುತ್ತದೆ. ಅದಕ್ಕೇ ಕೆಲವು ತಂಡಗಳು ಗೋಡೆಯ ಹಿಂದೆಯೇ ಬಾವಿ ಕೊರೆದು ಒಳಗಿನ ಕೋರ್ ತೆಗೆಯುತ್ತವೆ.