ಊರು ಬಿಟ್ಟ ಪತ್ರಿಕೆ

ಜುಲೈ 1 ಬಂತು ಅಂದ್ರೆ ನಾವು ಮಂಗಳೂರಿನವರು ಸ್ವಲ್ಪ ಬೀಗ್ತೀವಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದಿದ್ದು 1843ರ ಜುಲೈ 1ರಂದು. ಅದಕ್ಕೇ ರಾಜ್ಯದ ತುಂಬ ಆ ದಿನ ಪತ್ರಿಕಾ ದಿನಾಚರಣೆ. ವೇದಿಕೆ, ಹಾರ, ಶಾಲು, ಹರ್ಮನ್ ಮೋಗ್ಲಿಂಗ್ ಅವರ ಫೋಟೋ, ಆಮೇಲೆ ಭಾಷಣ. ಭಾಷಣದಲ್ಲಿ ‘ಮೊದಲ’ ಅನ್ನೋ ಪದ ಹತ್ತು ಸಲ ಬರುತ್ತೆ. ‘ಮಂಗಳೂರ’ ಅನ್ನೋ ಪದದ ಬಗ್ಗೆ ಯಾರೂ ಮಾತಾಡಲ್ಲ. ನನ್ನ ತಕರಾರು ಇರೋದು ಅಲ್ಲೇ.

ಮೋಗ್ಲಿಂಗ್ ಜರ್ಮನಿಯವರು, ಬಾಸೆಲ್ ಮಿಶನ್ನಿನ ಪಾದ್ರಿ. ಧರ್ಮಪ್ರಚಾರಕ್ಕೇ ಬಂದವರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರು ತಂದ ಪತ್ರಿಕೆ ಬರೀ ಮತಪ್ರಚಾರದ ಕರಪತ್ರವಾಗಿರಲಿಲ್ಲ. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಅಚ್ಚಿನ ಮೊಳೆಗಳಿಲ್ಲ, ಕೈಬರಹವನ್ನೇ ಕಲ್ಲಚ್ಚಿನಲ್ಲಿ ಮುದ್ರಿಸ್ತಿದ್ದರು. ಊರಿನ ವರ್ತಮಾನ, ಕಂಪನಿ ಸರ್ಕಾರದ ಆದೇಶ, ದೂರದ ರಾಜ್ಯಗಳ ಸುದ್ದಿ, ಕಥೆ ಎಲ್ಲವೂ ಅಷ್ಟರಲ್ಲೇ. ಅದಕ್ಕೆ ಆರು ವರ್ಷ ಹಿಂದೆ, 1837ರಲ್ಲಿ, ಕಂಪನಿಯ ವಿರುದ್ಧ ಎದ್ದ ರೈತರ ದಂಡು ಇದೇ ಊರಿಗೆ ನುಗ್ಗಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿತ್ತು. ಅಷ್ಟು ದೊಡ್ಡ ಸುದ್ದಿಯನ್ನೂ ಓದಿ ತಿಳಿಯೋಕೆ ಆಗ ಒಂದು ಕನ್ನಡ ಪತ್ರಿಕೆ ಇರಲಿಲ್ಲ, ಬಾಯಿಂದ ಬಾಯಿಗೆ ಹರಡಿದ್ದಷ್ಟೇ. ತುಳು, ಕೊಂಕಣಿ, ಬ್ಯಾರಿ ಮಾತಾಡೋ ಊರು ತನ್ನ ಸುದ್ದಿಯನ್ನು ಕನ್ನಡದಲ್ಲಿ ಓದೋಕೆ ಶುರು ಮಾಡಿದ್ದು 1843ರಲ್ಲಿ.

ವರ್ಷ ತುಂಬಲಿಲ್ಲ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಯ್ತು, ಹೆಸರು ‘ಕನ್ನಡ ಸಮಾಚಾರ’ ಆಯ್ತು. ಇದನ್ನು ನಾವು ಬೆಳವಣಿಗೆ ಅಂತಲೇ ಹೇಳಿಕೊಂಡು ಬಂದಿದ್ದೇವೆ. ತಪ್ಪೇನಲ್ಲ. ಮದ್ರಾಸು, ಬೊಂಬಾಯಿ, ಮೈಸೂರು, ಹೈದರಾಬಾದು ಅಂತ ಹರಿದು ಹಂಚಿಹೋಗಿದ್ದ ಜನಕ್ಕೆ ‘ಕನ್ನಡ’ ಅನ್ನೋ ಒಂದು ಹೆಸರು ಬೇಕಿತ್ತು. ಆದರೆ ಲೆಕ್ಕದ ಇನ್ನೊಂದು ಬದಿಯನ್ನು ಯಾರೂ ಬರೆಯಲ್ಲ. ಪತ್ರಿಕೆಗೆ ಕನ್ನಡದ ಹೆಸರು ಸಿಕ್ಕಿದಾಗಲೇ ಮಂಗಳೂರು ತನ್ನ ಪತ್ರಿಕೆಯನ್ನು ಕಳ್ಕೊಂಡಿತು.

ಹಳೇ ಕಥೆ, ಈಗ ಯಾಕೆ ಅಂತೀರಾ? 2019ರ ಬೇಸಿಗೆಯಲ್ಲಿ ಊರಿಂದ ಅಪ್ಪ ಫೋನ್ ಮಾಡಿದ್ರು. ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು, ಮಂಗಳೂರಿಗೆ ಸರದಿ ಮೇಲೆ ನೀರು ಬಿಡ್ತಿದ್ದ ದಿನಗಳು. “ಎರಡು ದಿನದಿಂದ ನಳ್ಳಿಯಲ್ಲಿ ನೀರಿಲ್ಲ ಮಾರಾಯ. ನೀನು ಪೇಪರ್ ನೋಡ್ಲಿಲ್ವಾ? ಮೊದಲ ಪುಟದಲ್ಲೇ ಉಂಟಲ್ಲ!” ಅಂದ್ರು. ನನ್ನ ಮುಂದೆಯೂ ಅದೇ ಪತ್ರಿಕೆ ಇತ್ತು. ಅದೇ ಹೆಸರು, ಅದೇ ದಿನಾಂಕ, ಬೆಂಗಳೂರು ಆವೃತ್ತಿ. ಪುಟ ಪುಟ ಹುಡುಕಿದೆ. ನಮ್ಮೂರಿನ ನೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನೂ ಅಪ್ಪನೂ ಒಂದೇ ಪತ್ರಿಕೆ ಓದ್ತಾ ಇದ್ದೀವಿ ಅಂತ ಅಷ್ಟು ವರ್ಷ ನಂಬಿದ್ದೆ.

ಆವೃತ್ತಿಗಳಿಂದ ಲಾಭ ಇಲ್ಲ ಅಂತಲ್ಲ. ತಾಲ್ಲೂಕಿನ ಸಣ್ಣ ಸುದ್ದಿಗೂ ಜಾಗ ಸಿಕ್ಕಿದೆ, ಪಕ್ಕದ ಬೀದಿಯ ಅಂಗಡಿಯವನಿಗೂ ಜಾಹೀರಾತು ಕೊಡೋದು ಸಾಧ್ಯವಾಗಿದೆ. ಆದರೆ ಹೆಸರು ಇಡೀ ನಾಡಿನದ್ದು, ಕಣ್ಣು ಒಂದು ಜಿಲ್ಲೆಯದ್ದು. ಮಂಗಳೂರಿನ ನೀರು ಮಂಗಳೂರಿನವರಿಗೆ ಮಾತ್ರ ಗೊತ್ತು, ಕಲಬುರಗಿಯ ಬರ ಕಲಬುರಗಿಯವರಿಗೆ ಮಾತ್ರ. ಊರಿನವರಿಗೆ ಆಗಲೇ ಗೊತ್ತಿರೋ ಕಷ್ಟವನ್ನು ಊರಿನವರಿಗೇ ಹೇಳಿದ್ರೆ ಅರ್ಧ ಕೆಲಸ ಆದ ಹಾಗೆ. ಆ ಕಷ್ಟದ ಬಗ್ಗೆ ತೀರ್ಮಾನ ಮಾಡೋ ಜನ ಬೆಂಗಳೂರಲ್ಲಿ ಕೂತು ಬೇರೆ ಪುಟ ಓದ್ತಿರ್ತಾರೆ. 1843ರ ಆ ನಾಲ್ಕು ಪುಟದಲ್ಲಿ ಊರೂ ಲೋಕವೂ ಅಕ್ಕಪಕ್ಕ ಕೂತಿದ್ದವು. ಇವತ್ತಿನ ಹದಿನಾರು ಪುಟದಲ್ಲಿ ಅವೆರಡಕ್ಕೂ ಮುಖಾಮುಖಿಯೇ ಇಲ್ಲ.

ತಪ್ಪು ಪತ್ರಿಕೆಗಳದ್ದು ಮಾತ್ರ ಅಂತ ಕೈತೊಳ್ಕೊಳ್ಳೋ ಹಾಗಿಲ್ಲ. ಹತ್ತು ವರ್ಷದಿಂದ ಬೆಂಗಳೂರಲ್ಲಿದ್ದೀನಿ. ನಮ್ಮ ವಾರ್ಡಿನ ಸುದ್ದಿ ನನಗೆ ಸಿಗೋದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ. ಅದರಲ್ಲಿ ಗೇಟಿನ ಒಳಗಿನ ಲೋಕ ಮಾತ್ರ ಇದೆ. ಗೇಟಿನ ಆಚೆ ಟ್ಯಾಂಕರ್‌ಗೆ ಕೊಡ ಹಿಡಿದು ನಿಂತವರ ಸುದ್ದಿ ಅಲ್ಲಿಗೂ ಬರಲ್ಲ.

ಮುಂದಿನ ಜುಲೈ 1ಕ್ಕೆ ಭಾಷಣ ಮಾಡೋರು ಮೊದಲ ಪತ್ರಿಕೆ ಯಾವುದು ಅಂತ ಹೇಳೋದು ಬೇಡ, ಅದು ಎಲ್ಲರಿಗೂ ಬಾಯಿಪಾಠ. ಊರಿನ ಹೆಸರಿಟ್ಟುಕೊಂಡ ಪತ್ರಿಕೆ ಆ ಊರಲ್ಲಿ ಒಂದು ವರ್ಷವೂ ಯಾಕೆ ನಿಲ್ಲಲಿಲ್ಲ ಅಂತ ಕೇಳಲಿ. ನಾನಂತೂ ಈಗ ಬೆಳಿಗ್ಗೆ ಕಾಫಿ ಜೊತೆ ಫೋನಿನಲ್ಲಿ ಮಂಗಳೂರು ಆವೃತ್ತಿಯನ್ನೂ ತೆರೀತೀನಿ. ಅಪ್ಪನಿಗೂ ಬೆಂಗಳೂರು ಆವೃತ್ತಿ ಓದೋದು ಹೇಳಿಕೊಟ್ಟಿದ್ದೀನಿ. “ನಿಮ್ಮಲ್ಲಿಯೂ ನೀರಿಲ್ವಂತಲ್ಲ ಮಾರಾಯ?” ಅಂತ ಮೊನ್ನೆ ಅವರೇ ಫೋನ್ ಮಾಡಿ ಕೇಳಿದ್ರು.